ಮದುವೆಯಾದ ಮಗಳಿಗೆ ಅನುಕಂಪದ ಆಧಾರದ ನೇಮಕಾತಿ: ಹಳೆಯ ನಿಯಮದ ಪ್ರತಿ ನೋಡಿ ಹಿಂಬರಹ ಕೊಡಬಹುದೇ?

ಪ್ರಶ್ನೆ: ವಿಷಯ ನಿರ್ವಾಹಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯ ಸಿಬ್ಬಂದಿ ಶಾಖೆಯಲ್ಲಿ ವಿಷಯ ನಿರ್ವಾಹಕನಾಗಿದ್ದೇನೆ. ಈ ಶಾಖೆಗೆ ಬಂದು ಮೂರು ತಿಂಗಳೂ ತುಂಬಿಲ್ಲ. ಅದಕ್ಕೂ ಮುಂಚೆ ಲೆಕ್ಕಪತ್ರದ ಕೆಲಸದಲ್ಲೇ ಇದ್ದವನಾದ್ದರಿಂದ ಸೇವಾ ನಿಯಮಗಳ ಕಡತಗಳು ನನಗೆ ಹೊಸವು. ನನ್ನ ಮೇಜಿನ ಮೇಲಿರುವ ಒಂದು ಕಡತದಲ್ಲಿ ತಪ್ಪು ಮಾಡಿ ಒಂದು ಕುಟುಂಬಕ್ಕೆ ಅನ್ಯಾಯವಾಗಬಾರದು ಎಂಬ ಕಾರಣಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಕಚೇರಿಯಲ್ಲಿ ಗ್ರೂಪ್ ಡಿ ಹುದ್ದೆಯಲ್ಲಿದ್ದ ಹಿರಿಯರೊಬ್ಬರು ಸೇವೆಯಲ್ಲಿರುವಾಗಲೇ ಹೃದಯಾಘಾತದಿಂದ ತೀರಿಕೊಂಡು ಹತ್ತು ತಿಂಗಳಾಯಿತು. ಅವರ ಪತ್ನಿಗೆ ಮೂತ್ರಪಿಂಡದ ಕಾಯಿಲೆಯಿದ್ದು ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಮಗ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾ ತನ್ನ ಸಂಸಾರದೊಂದಿಗೆ ಅಲ್ಲೇ ನೆಲೆಸಿದ್ದಾರೆ, ಊರಿಗೆ ಮರಳುವ ಮನಸ್ಸು ಅವರಿಗಿಲ್ಲ. ಮಗಳಿಗೆ ಮದುವೆಯಾಗಿ ಏಳು ವರ್ಷ. ಅಳಿಯ ಮಾರುಕಟ್ಟೆ ಪ್ರಾಂಗಣದಲ್ಲಿ ಹಮಾಲಿ ಕೆಲಸ ಮಾಡುತ್ತಾರೆ. ಕೆಲಸವಿದ್ದ ದಿನ ಕೂಲಿ ಉಂಟು, ಇಲ್ಲದ ದಿನ ಇಲ್ಲ. ಮದುವೆಯಾದ ಎರಡನೆಯ ವರ್ಷದಿಂದಲೂ ಮಗಳು, ಅಳಿಯ, ಮೊಮ್ಮಗು ಎಲ್ಲರೂ ತೀರಿಕೊಂಡವರ ಮನೆಯಲ್ಲೇ ಇದ್ದಾರೆ. ಆ ಮನೆ ನಡೆಯುತ್ತಿದ್ದುದು ಅವರ ಸಂಬಳದಿಂದಲೇ ಎಂಬುದು ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಆ ಮಗಳು ಕಳೆದ ವಾರ ನನ್ನ ಮೇಜಿನ ಬಳಿ ಬಂದಿದ್ದರು. ಪಿಯುಸಿ ಪಾಸಾಗಿದ್ದಾರೆ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ದಾಖಲೆಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದರು. ಎಲ್ಲಕ್ಕೂ ಮೇಲೆ, ದಾರ ಸಮೇತ, ತಂದೆಯ ಗುರುತಿನ ಚೀಟಿ ಇತ್ತು. "ಸಾರ್, ಇದು ಮೂರ್ನೇ ಸಲ ಬರ್ತಿರೋದು. ಮದ್ವಿ ಆಗೇತಲ್ಲ, ನಿಂಗೆ ಬರಲ್ಲ ಅಂತ ಹೇಳಿ ಕಳಿಸ್ತಾರೆ. ಅದನ್ನೇ ಒಂದು ಹಾಳಿ ಮ್ಯಾಲೆ ಬರ್ದು ಕೊಡ್ರಿ ಅಂದ್ರೂ ಕೊಡಲ್ಲ" ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ, ದಣಿವಿತ್ತು.

ಅವರು ಹೋದ ಮೇಲೆ ಕಡತ ತೆರೆದು ನೋಡಿದೆ. ನನಗಿಂತ ಹಿಂದಿದ್ದವರು ಒಂದು ಕರಡು ಹಿಂಬರಹವನ್ನು, ಅಂದರೆ ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರವನ್ನು, ಸಿದ್ಧಪಡಿಸಿಟ್ಟಿದ್ದಾರೆ: "ಅರ್ಜಿದಾರರು ವಿವಾಹಿತ ಮಗಳಾಗಿರುವುದರಿಂದ ನಿಯಮಾನುಸಾರ ಅನುಕಂಪದ ಆಧಾರದ ಮೇಲೆ ನೇಮಕಾತಿ ನೀಡಲು ಅವಕಾಶವಿರುವುದಿಲ್ಲ." ಸಹಿ ಮಾತ್ರ ಆಗಬೇಕಿದೆ. ಅದರ ಹಿಂದೆ ಯಾವುದೋ ಕೈಪಿಡಿಯಿಂದ ಜೆರಾಕ್ಸ್ ಮಾಡಿಸಿದ 1996ರ ನಿಯಮಗಳ ಎರಡು ಪುಟಗಳಿವೆ. 'ಅವಿವಾಹಿತ ಮಗಳು' ಎಂಬ ಪದಗಳ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯಲಾಗಿದೆ. ಕೈಪಿಡಿ ಯಾವ ವರ್ಷದ ಮುದ್ರಣವೆಂಬುದು ಆ ಪುಟಗಳಿಂದ ತಿಳಿಯುವುದಿಲ್ಲ.

ಈ ನಿಯಮ ಬದಲಾಗಿದೆಯೆಂದು ಗೆಳೆಯರೊಬ್ಬರು ಹೇಳಿದರು. ಮತ್ತೊಬ್ಬರು, ಅದು ಹೈಕೋರ್ಟಿನಲ್ಲಿ ಒಬ್ಬರಿಗೆ ಮಾತ್ರ ಆದ ಆದೇಶ, ನಮ್ಮ ಕಚೇರಿಗೆ ಪ್ರತ್ಯೇಕ ಸುತ್ತೋಲೆ ಬರುವವರೆಗೆ ಹಳೆಯ ನಿಯಮವೇ ಗತಿ ಎಂದರು. ನಿಜವಾಗಿ ಈಗ ಜಾರಿಯಲ್ಲಿರುವುದು ಯಾವುದು? ಬದಲಾಗಿದ್ದರೆ, ಮದುವೆಯಾದ ಮಗಳು ಎಂಬ ಒಂದೇ ಕಾರಣಕ್ಕೆ ಈ ಹಿಂಬರಹವನ್ನು ಕೊಡಲು ಬರುತ್ತದೆಯೇ? ಬದಲಾಗಿದ್ದೂ ಅರ್ಹತೆ ಇಲ್ಲವೆನ್ನುವ ಬೇರೆ ಷರತ್ತುಗಳೇನಾದರೂ ಇವೆಯೇ? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1: ನಿವೃತ್ತ ಅಧೀಕ್ಷಕ, ಚಿತ್ರದುರ್ಗ

ಸಹೋದ್ಯೋಗಿಗಳೇ, ಮೊದಲು ಒಂದು ಕೆಲಸ ಮಾಡಿ. ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಆ ಹೆಣ್ಣುಮಗಳಿಗೆ ಫೋನ್ ಮಾಡಿಸಿ ಕರೆಸಿ, ಅವರ ಅರ್ಜಿಯನ್ನು ಟಪಾಲಿನಲ್ಲಿ ಸ್ವೀಕರಿಸಿ, ಆವಕ ಸಂಖ್ಯೆ ಮತ್ತು ದಿನಾಂಕದ ಮೊಹರು ಹಾಕಿ ಸ್ವೀಕೃತಿ ಕೊಡಿ. ನೌಕರರು ಮೃತಪಟ್ಟ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕೆಂಬ ಕಾಲಮಿತಿ ಈ ನಿಯಮಗಳಲ್ಲಿದೆ. ಹತ್ತು ತಿಂಗಳು ಕಳೆದುಹೋಗಿವೆ ಎನ್ನುತ್ತೀರಿ. ಎರಡು ಸಲ ಬಾಯಿಮಾತಿನಲ್ಲಿ ವಾಪಸ್ ಕಳಿಸಿದ್ದಕ್ಕೆ ಕಚೇರಿಯಲ್ಲಿ ಯಾವ ದಾಖಲೆಯೂ ಇರುವುದಿಲ್ಲ. ಇನ್ನೆರಡು ತಿಂಗಳು ಹೀಗೆಯೇ ಕಳೆದರೆ, ಮದುವೆಯ ಕಾರಣಕ್ಕೆ ಅಲ್ಲದಿದ್ದರೂ, ಅವಧಿ ಮೀರಿದ ಕಾರಣಕ್ಕೆ ಆ ಕುಟುಂಬದ ಬಾಗಿಲು ಮುಚ್ಚುತ್ತದೆ. ಅರ್ಹತೆ ಇದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವರು ನೇಮಕಾತಿ ಪ್ರಾಧಿಕಾರದವರು. ಅರ್ಜಿ ತೆಗೆದುಕೊಳ್ಳುವುದಿಲ್ಲ ಎನ್ನುವ ಅಧಿಕಾರ ಟಪಾಲಿನವರಿಗಾಗಲಿ ವಿಷಯ ನಿರ್ವಾಹಕರಿಗಾಗಲಿ ಇಲ್ಲ.

ಇನ್ನು ನಿಯಮದ ಮಾತು. ನಿಮ್ಮ ಕಡತದಲ್ಲಿರುವ ಜೆರಾಕ್ಸ್ ಹಳೆಯದು. ಕರ್ನಾಟಕ ಸಿವಿಲ್ ಸೇವೆಗಳು (ಅನುಕಂಪದ ಆಧಾರದ ಮೇಲೆ ನೇಮಕಾತಿ) ನಿಯಮಗಳು, 1996 ಎಂಬುದು ಇಂದಿಗೂ ಜಾರಿಯಲ್ಲಿದೆ, ಆದರೆ ಅದೇ ರೂಪದಲ್ಲಿ ಇಲ್ಲ. ಮೂಲ ನಿಯಮದಲ್ಲಿ ಮೃತ ಪುರುಷ ನೌಕರನ ಅವಲಂಬಿತರು ಯಾರು ಎಂದು ಹೇಳುವಾಗ ವಿಧವೆ, ಮಗ, ಅವಿವಾಹಿತ ಮಗಳು ಎಂಬ ಪದಗಳಿದ್ದವು. ಮಗನಿಗೆ ಮದುವೆಯಾಗಿರಲಿ ಆಗದಿರಲಿ ಯಾರೂ ಕೇಳುತ್ತಿರಲಿಲ್ಲ, ಮಗಳಿಗೆ ಮಾತ್ರ ಆ ವಿಶೇಷಣ ಅಂಟಿಕೊಂಡಿತ್ತು. 2020ರ ಡಿಸೆಂಬರ್ 15ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಭುವನೇಶ್ವರಿ ಪುರಾಣಿಕ್ ಪ್ರಕರಣದಲ್ಲಿ ಆ 'ಅವಿವಾಹಿತ' ಎಂಬ ಪದ ಸಮಾನತೆಯನ್ನು ಹೇಳುವ ಮತ್ತು ತಾರತಮ್ಯವನ್ನು ನಿಷೇಧಿಸುವ ಸಂವಿಧಾನದ 14 ಮತ್ತು 15ನೇ ವಿಧಿಗಳಿಗೆ ವಿರುದ್ಧವೆಂದು ಹೇಳಿ ಅದನ್ನು ನಿಯಮದಿಂದ ತೆಗೆದುಹಾಕಿದರು. ಮುಂದಿನ ವರ್ಷ, 2021ರ ಏಪ್ರಿಲ್ 9ರಂದು, ಸರ್ಕಾರವೇ ಅಧಿಸೂಚನೆ ಹೊರಡಿಸಿ ನಿಯಮಗಳಿಗೆ ತಿದ್ದುಪಡಿ ತಂದು ಮದುವೆಯಾದ ಹೆಣ್ಣುಮಕ್ಕಳನ್ನೂ ಸೇರಿಸಿತು. ಅವಿವಾಹಿತರಾಗಿಯೇ ಮೃತಪಟ್ಟ ನೌಕರರ ಅವಲಂಬಿತ ಒಡಹುಟ್ಟಿದವರಿಗೆ ಅವಕಾಶ ದೊರೆತದ್ದೂ ಅದೇ ತಿದ್ದುಪಡಿಯಲ್ಲಿ.

ನಿಮ್ಮ ಗೆಳೆಯರು ಹೇಳಿದ "ಪ್ರತ್ಯೇಕ ಸುತ್ತೋಲೆ ಬರಬೇಕು" ಎಂಬ ಮಾತನ್ನು ನಾನು ಮೂವತ್ತು ವರ್ಷಗಳ ಸೇವೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದ್ದರಿಂದ ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಧಾನಮಂಡಲ ಮಾಡಿದ್ದು ಅಧಿನಿಯಮ. ಆ ಅಧಿನಿಯಮ ಕೊಟ್ಟ ಅಧಿಕಾರದಿಂದ ಸರ್ಕಾರ ರಚಿಸಿ ರಾಜ್ಯಪತ್ರದಲ್ಲಿ ಪ್ರಕಟಿಸಿದ್ದು ನಿಯಮ. ನಾವು ಹೇಳುತ್ತಿರುವ ನಿಯಮಗಳು 1978ರ ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಅಧಿನಿಯಮದ ಅಡಿಯಲ್ಲಿ ರಚಿತವಾದವು. ಸರ್ಕಾರಿ ಆದೇಶ ಮತ್ತು ಸುತ್ತೋಲೆಗಳು ಇವೆರಡಕ್ಕಿಂತ ಕೆಳಗಿನವು. ನಿಯಮವನ್ನು ವಿವರಿಸುವುದಕ್ಕೆ, ನೆನಪಿಸುವುದಕ್ಕೆ ಸುತ್ತೋಲೆ ಬರುತ್ತದೆಯೇ ಹೊರತು ನಿಯಮಕ್ಕೆ ಜೀವ ಕೊಡುವುದಕ್ಕಲ್ಲ. ತಿದ್ದುಪಡಿ ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೆ, ಅದರ ಪ್ರತಿ ನಿಮ್ಮ ಬೀರುವಿಗೆ ಬಂದಿಲ್ಲವೆಂಬುದು ನಿಮ್ಮ ಕಚೇರಿಯ ಕೊರತೆ, ಅರ್ಜಿದಾರರ ಅನರ್ಹತೆಯಲ್ಲ. ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯ ಜಾಲತಾಣದಿಂದ ತಿದ್ದುಪಡಿ ಅಧಿಸೂಚನೆಯನ್ನು ಇಳಿಸಿಕೊಂಡು, ಮೂಲ ನಿಯಮದ ಪಕ್ಕದಲ್ಲಿಟ್ಟು, ಪದ ಪದ ಹೋಲಿಸಿ ಓದಿ, ಎರಡನ್ನೂ ಕಡತಕ್ಕೆ ಸೇರಿಸಿ. ಕೆಂಪು ಗೆರೆಯ ಆ ಪುಟಗಳನ್ನು ಕಿತ್ತೆಸೆಯಬೇಡಿ. ಹಿಂದೆ ಏನಾಗಿತ್ತು ಎಂಬುದಕ್ಕೆ ಅವು ಕಡತದಲ್ಲಿ ಇರಲಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ಅನುಭವ ಕಾರಣ. ಸಕಾಲ ಎಂದು ಈಗ ಎಲ್ಲರೂ ಕರೆಯುವ ಸೇವಾ ಖಾತರಿ ಕಾಯ್ದೆಯನ್ನು 2012ರ ಮಾರ್ಚ್ 1ರಂದು ಪ್ರಾಯೋಗಿಕವಾಗಿ ಜಾರಿ ಮಾಡಿದ್ದು ನಾಲ್ಕೇ ತಾಲ್ಲೂಕುಗಳಲ್ಲಿ: ಔರಾದ್, ಧಾರವಾಡ, ಪುತ್ತೂರು ಮತ್ತು ನಮ್ಮ ಚಿತ್ರದುರ್ಗ. ರಾಜ್ಯಕ್ಕೆಲ್ಲ ಬಂದದ್ದು ಅದರ ಮುಂದಿನ ತಿಂಗಳು. ಆಗ ನಾನು ಸಾರ್ವಜನಿಕರ ಅರ್ಜಿಗಳನ್ನು ನೋಡುವ ಮೇಜಿನಲ್ಲಿದ್ದೆ. ನಿಗದಿತ ದಿನದೊಳಗೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ ಸಲ್ಲಬೇಕು, ಆ ಹಣ ತಪ್ಪಿತಸ್ಥ ನೌಕರನಿಂದ ವಸೂಲಾಗಬೇಕು ಎಂದು ಕಾನೂನು ಬಂತು. ಕಾನೂನು ಒಂದೇ ದಿನದಲ್ಲಿ ಬಂತು, ಆದರೆ "ಮುಂದಿನ ವಾರ ಬಾರಪ್ಪ" ಎನ್ನುವ ನಮ್ಮ ನಾಲಿಗೆಯ ರೂಢಿ ಬಿಡುವುದಕ್ಕೆ ಬಹಳ ತಿಂಗಳು ಹಿಡಿಯಿತು. ಸ್ವೀಕೃತಿ ಸಂಖ್ಯೆಯ ಚೀಟಿಯನ್ನು ಕೈಯಲ್ಲಿ ಹಿಡಿದು ಹಳ್ಳಿಯ ಮುದುಕಿಯೊಬ್ಬರು ನನ್ನ ಮುಂದೆ ನಿಂತು ದಿನ ಎಣಿಸಿ ತೋರಿಸಿದ ಮೇಲೆಯೇ ಆ ಕಾಯ್ದೆ ನನ್ನ ಮೇಜಿಗೆ ನಿಜವಾಗಿ ಬಂದಂತಾಯಿತು. ನಿಮ್ಮ ಕಚೇರಿಯಲ್ಲಿ ಈಗ ಆಗಿರುವುದೂ ಅದೇ. ತಿದ್ದುಪಡಿ ರಾಜ್ಯಪತ್ರಕ್ಕೆ ಬಂದು ವರ್ಷಗಳಾಗಿವೆ, ಮೇಜಿಗೆ ಇನ್ನೂ ಬಂದಿಲ್ಲ.

ಕರಡು ಹಿಂಬರಹಕ್ಕೆ ಯಾರ ಸಹಿಯನ್ನೂ ಪಡೆಯಬೇಡಿ. ಹೊಸ ಟಿಪ್ಪಣಿ ಬರೆದು ಮೇಲಧಿಕಾರಿಗಳಿಗೆ ಮಂಡಿಸಿ.

ಉತ್ತರ 2: ವಕೀಲೆ, ದಾವಣಗೆರೆ

ಚಿತ್ರದುರ್ಗದ ಹಿರಿಯರು ಹೇಳಿರುವುದು ಸರಿಯಾಗಿದೆ. ನಾನು ಸೇವಾ ಪ್ರಕರಣಗಳನ್ನು ನಡೆಸುವವಳಾದ್ದರಿಂದ ಕೆಲವು ಅಂಶಗಳನ್ನು ಸೇರಿಸುತ್ತೇನೆ. ಅವುಗಳಲ್ಲಿ ಕೆಲವು ಅರ್ಜಿದಾರರಿಗೆ ಅನುಕೂಲವಾದವು, ಕೆಲವು ಅಲ್ಲ. ಎರಡನ್ನೂ ತಿಳಿದೇ ಕಡತ ಮುಂದೆ ಹೋಗಬೇಕು.

ಅನುಕಂಪದ ಆಧಾರದ ನೇಮಕಾತಿ ವಾರಸಾ ಹಕ್ಕಲ್ಲ. ತಂದೆಯ ಮನೆ, ಹೊಲ ಮಕ್ಕಳಿಗೆ ಬಂದ ಹಾಗೆ ತಂದೆಯ ಹುದ್ದೆ ಬರುವುದಿಲ್ಲ. ದುಡಿಯುವವರು ಹಠಾತ್ತನೆ ಹೋದಾಗ ಕುಟುಂಬ ಬೀದಿಗೆ ಬೀಳದಿರಲಿ ಎಂಬುದಷ್ಟೇ ಇದರ ಉದ್ದೇಶವೆಂದು ಸುಪ್ರೀಂ ಕೋರ್ಟ್ 1994ರ ಉಮೇಶ್ ಕುಮಾರ್ ನಾಗಪಾಲ್ ಪ್ರಕರಣದಲ್ಲೇ ಹೇಳಿದೆ, ಅಲ್ಲಿಂದೀಚೆಗೆ ಮತ್ತೆ ಮತ್ತೆ ಹೇಳುತ್ತಲೇ ಬಂದಿದೆ. ಆದ್ದರಿಂದ 'ಅವಿವಾಹಿತ' ಎಂಬ ಪದ ಹೋದ ಮಾತ್ರಕ್ಕೆ ಮದುವೆಯಾದ ಪ್ರತಿಯೊಬ್ಬ ಮಗಳಿಗೂ ನೌಕರಿ ಸಿಗುತ್ತದೆ ಎಂದಲ್ಲ. ಮೃತ ನೌಕರರ ಮೇಲೆ ಅವಲಂಬಿತರಾಗಿದ್ದರೇ, ಅವರೊಂದಿಗೆ ವಾಸವಾಗಿದ್ದರೇ, ಕುಟುಂಬ ನಿಜಕ್ಕೂ ಹಣಕಾಸಿನ ಸಂಕಷ್ಟದಲ್ಲಿದೆಯೇ ಎಂಬ ಪ್ರಶ್ನೆಗಳು ಹಾಗೆಯೇ ಉಳಿದಿವೆ. ಗಂಡನಿಗೆ ಒಳ್ಳೆಯ ಉದ್ಯೋಗವಿದ್ದು, ಬೇರೆ ಊರಿನಲ್ಲಿ ಸಂಸಾರ ಹೂಡಿ, ಹಬ್ಬಕ್ಕೆ ಮಾತ್ರ ತವರಿಗೆ ಬರುತ್ತಿದ್ದ ಮಗಳು ಅರ್ಜಿ ಹಾಕಿದರೆ ತಿರಸ್ಕರಿಸುವುದಕ್ಕೆ ಕಾರಣವಿರುತ್ತದೆ. ಆದರೆ ಆ ಕಾರಣ ಅವಲಂಬನೆ ಇಲ್ಲವೆಂಬುದಾಗಿರಬೇಕು, ಮದುವೆಯಾಗಿದೆ ಎಂಬುದಲ್ಲ. ಅದೇ ಅಳತೆಗೋಲಿನಿಂದ ಬೇರೆ ಸಂಸಾರ ಹೂಡಿರುವ ಮಗನನ್ನೂ ಅಳೆಯಬೇಕು.

ನೀವು ವಿವರಿಸಿದ ಕುಟುಂಬದಲ್ಲಿ ಅವಲಂಬನೆಯನ್ನು ದಾಖಲೆಯಿಂದ ತೋರಿಸುವುದು ಕಷ್ಟವಾಗಲಾರದು. ಪಡಿತರ ಚೀಟಿಯಲ್ಲಿ ಮಗಳು, ಮೊಮ್ಮಗುವಿನ ಹೆಸರು ತಂದೆಯ ಮನೆಯಲ್ಲೇ ಇದೆಯೇ ನೋಡಿ. ಮತದಾರರ ಪಟ್ಟಿ, ಆಧಾರ್ ವಿಳಾಸ, ಮಗುವಿನ ಶಾಲೆಯ ದಾಖಲೆ, ಆಸ್ಪತ್ರೆಯಲ್ಲಿ ತಾಯಿಯ ಚಿಕಿತ್ಸಾ ಪುಸ್ತಕದಲ್ಲಿ ಜೊತೆಗಾರರೆಂದು ಯಾರ ಸಹಿ ಇದೆ ಎಂಬುದು, ಇವೆಲ್ಲ ಸಣ್ಣ ಕಾಗದಗಳಂತೆ ಕಂಡರೂ ಪ್ರಕರಣ ನಿಲ್ಲುವುದು ಇವುಗಳ ಮೇಲೆಯೇ. ನಾಡಕಚೇರಿಯಿಂದ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ, ವಂಶವೃಕ್ಷ, ಆದಾಯ ಪ್ರಮಾಣಪತ್ರ ಪಡೆಯಲಿ. ತಾಯಿ ತಮಗೆ ಅನಾರೋಗ್ಯವಿರುವುದರಿಂದ ತಾವು ನೌಕರಿ ಬಯಸುವುದಿಲ್ಲವೆಂದೂ ಮಗಳಿಗೆ ಕೊಡಲು ಒಪ್ಪಿಗೆಯಿದೆಯೆಂದೂ, ಮಗ ತಮ್ಮ ಆಕ್ಷೇಪಣೆ ಇಲ್ಲವೆಂದೂ ಛಾಪಾ ಕಾಗದದ ಮೇಲೆ ನೋಟರಿ ಮುಂದೆ ಪ್ರಮಾಣ ಮಾಡಿ ಕೊಡಲಿ. ಮಗನ ಒಪ್ಪಿಗೆಯನ್ನು ಈಗಲೇ ಲಿಖಿತವಾಗಿ ಪಡೆಯುವುದು ಬಹಳ ಮುಖ್ಯ. ಇವತ್ತು ಫೋನಿನಲ್ಲಿ "ಅವಳಿಗೇ ಆಗ್ಲಿ ಬಿಡು" ಎಂದವರು ನೇಮಕಾತಿ ಆದೇಶದ ಸುದ್ದಿ ಕೇಳಿದ ಮೇಲೆ ತಕರಾರು ಅರ್ಜಿ ಹಾಕಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಮುಂದಿನದು ದಿನಾಂಕದ ಪ್ರಶ್ನೆ. ನೌಕರರು ಮೃತಪಟ್ಟ ದಿನ ಇದ್ದ ನಿಯಮ ನೋಡಬೇಕೋ, ಅರ್ಜಿಯನ್ನು ಪರಿಗಣಿಸುವ ದಿನ ಇರುವ ನಿಯಮ ನೋಡಬೇಕೋ ಎಂಬುದು ನ್ಯಾಯಾಲಯಗಳಲ್ಲಿ ಬಹಳ ಕಾಲ ಚರ್ಚೆಯಾದ ವಿಷಯ. ನಮ್ಮ ರಾಜ್ಯದಿಂದಲೇ ಹೋದ ಎನ್.ಸಿ. ಸಂತೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2020ರಲ್ಲಿ, ಪರಿಗಣಿಸುವ ದಿನದ ನಿಯಮ ಅನ್ವಯಿಸುತ್ತದೆ ಎಂದಿತು. 2021ರ ಸೆಪ್ಟೆಂಬರಿನಲ್ಲಿ ಮಂಡ್ಯದ ಜಿಲ್ಲಾ ಖಜಾನೆಯ ನೌಕರರೊಬ್ಬರ ಮಗಳ ಪ್ರಕರಣ ತೀರ್ಮಾನವಾಯಿತು. ತಾಯಿ 2012ರಲ್ಲಿ ತೀರಿಕೊಂಡಾಗ ಆ ಮಗಳ ವಿವಾಹ ಬಂಧನ ಇನ್ನೂ ಉಳಿದಿತ್ತು, ವಿಚ್ಛೇದನದ ಡಿಕ್ರಿ ಆದದ್ದು ಮರುವರ್ಷ. ಆಗಿದ್ದ ನಿಯಮದಲ್ಲಿ ವಿಚ್ಛೇದಿತ ಮಗಳಿಗೆ ಅವಕಾಶವಿಲ್ಲವೆಂದೂ, ತಾಯಿ ತೀರಿಕೊಂಡಾಗ ಆಕೆ ಅವಲಂಬಿತೆಯಾಗಿರಲಿಲ್ಲವೆಂದೂ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶವನ್ನು ರದ್ದುಪಡಿಸಿತು. ಹಳೆಯ ಸಾವುಗಳಿಗೆ ಸಂಬಂಧಿಸಿದ ಕಡತಗಳಲ್ಲಿ ಇದನ್ನು ಎಚ್ಚರದಿಂದ ಓದಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಮದುವೆಯಾದ ಮಗಳೊಬ್ಬರ ವಿರುದ್ಧ ರಾಜ್ಯ ಸರ್ಕಾರ ಸಲ್ಲಿಸಿದ್ದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ವಜಾ ಮಾಡಿ, ಪುರಾಣಿಕ್ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ ತಳೆದ ನಿಲುವನ್ನು ಒಪ್ಪಿತು. ನಿಮ್ಮ ಪ್ರಕರಣದಲ್ಲಂತೂ ಈ ಗೊಂದಲವೇ ಇಲ್ಲ. ಸಾವು, ಅರ್ಜಿ, ಪರಿಗಣನೆ ಮೂರೂ 2021ರ ತಿದ್ದುಪಡಿಯ ನಂತರದವು, ಯಾವ ದಿನವನ್ನು ಹಿಡಿದರೂ ತಿದ್ದುಪಡಿಯಾದ ನಿಯಮವೇ ಅನ್ವಯಿಸುತ್ತದೆ.

ಒಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಮದುವೆಯಾದ ಮಗಳೂ ತಂದೆಯನ್ನು ಸಾಕುವ ಹೊಣೆ ಹೊತ್ತವಳು ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯೂ ಹೊಣೆ ಹೊರಿಸುವಾಗ ಮಗಳಿಗೆ ಮದುವೆಯಾಗಿದೆಯೇ ಎಂದು ಕೇಳುವುದಿಲ್ಲ. ಇತ್ತ ಹಕ್ಕಿನ ಮಾತು ಬಂದಾಗ ನಮ್ಮ ರಾಜ್ಯವೇ 1994ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡಲು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ, ಅದು ಜಾರಿಗೆ ಬರುವ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಬರುವವರೆಗೆ ಆ ಗೆರೆ ಅಳಿಯಲಿಲ್ಲ. ಸಾಕುವ ಹೊಣೆ ಬಂದಾಗ ಮಗಳು, ಪಾಲು ಮತ್ತು ಆಸರೆಯ ಮಾತು ಬಂದಾಗ 'ಕೊಟ್ಟ ಹೆಣ್ಣು' ಎನ್ನುವ ರೂಢಿಯನ್ನು ಸರ್ಕಾರಿ ಕಡತವೊಂದು ಮುಂದುವರಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊನೆಯದಾಗಿ, ಯಾವ ಕಾರಣಕ್ಕಾದರೂ ಅರ್ಜಿ ತಿರಸ್ಕೃತವಾದರೆ ಕಾರಣಗಳನ್ನು ಬರೆದೇ ಹಿಂಬರಹ ಕೊಡಬೇಕು. ಅಂಥ ಅಂತಿಮ ಆದೇಶದ ವಿರುದ್ಧ ಒಂದು ವರ್ಷದೊಳಗೆ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ನಮ್ಮ ಜಿಲ್ಲೆಯವರು ಬೆಂಗಳೂರಿನ ಪೀಠಕ್ಕೆ ಹೋಗಬೇಕು. ಬರವಣಿಗೆಯಲ್ಲಿ ಏನನ್ನೂ ಕೊಡದೆ ಬಾಯಲ್ಲಿ ಹೇಳಿ ಕಳಿಸಿದರೆ, ಪ್ರಶ್ನಿಸುವುದಕ್ಕೆ ಆಕೆಯ ಕೈಯಲ್ಲಿ ಏನೂ ಇರುವುದಿಲ್ಲ.

ಉತ್ತರ 3: ಹಿರಿಯೂರಿನ ಓದುಗ

ಉಪಯುಕ್ತ ಚರ್ಚೆ. ನನ್ನದೊಂದು ಸಂದೇಹ. ನಾನು ಕೆಲಸ ಮಾಡುವುದು ಸರ್ಕಾರದ ಇಲಾಖೆಯಲ್ಲಲ್ಲ, ಸರ್ಕಾರಿ ಒಡೆತನದ ಒಂದು ನಿಗಮದಲ್ಲಿ. ನಮ್ಮಲ್ಲೂ ಇಂಥದೇ ಒಂದು ಅರ್ಜಿ ಬಂದಿದ್ದು, "ಸರ್ಕಾರದ ತಿದ್ದುಪಡಿ ನಮ್ಮ ನಿಗಮಕ್ಕೆ ಬರುವುದಿಲ್ಲ, ನಮ್ಮ ನಿಬಂಧನೆಗಳೇ ಬೇರೆ" ಎನ್ನುತ್ತಿದ್ದಾರೆ. ಇದು ಸರಿಯೇ?

ಉತ್ತರ 4: ವಕೀಲೆ, ದಾವಣಗೆರೆ

ಅರ್ಧ ಸರಿ. 1996ರ ನಿಯಮಗಳು ರಾಜ್ಯದ ಸಿವಿಲ್ ಸೇವೆಯಲ್ಲಿರುವ ನೌಕರರಿಗೆ ಸಂಬಂಧಿಸಿದವು. ನಿಗಮ, ಮಂಡಳಿ, ಕಂಪನಿಗಳಿಗೆ ತಮ್ಮದೇ ನಿಬಂಧನೆಗಳಿರುತ್ತವೆ, ಸರ್ಕಾರದ ತಿದ್ದುಪಡಿಯನ್ನು ಆಡಳಿತ ಮಂಡಳಿ ನಿರ್ಣಯ ಮಾಡಿ ಅಳವಡಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಮೊದಲು ನಿಮ್ಮ ನಿಗಮದ ನಿಬಂಧನೆಯಲ್ಲಿ ಏನಿದೆ, ಸರ್ಕಾರದ ನಿಯಮಗಳನ್ನು ಅಳವಡಿಸಿಕೊಂಡ ನಿರ್ಣಯವೇನಾದರೂ ಇದೆಯೇ ಎಂದು ನೋಡಿ. ಆದರೆ ಸರ್ಕಾರದ ಹಿಡಿತದಲ್ಲಿರುವ ನಿಗಮಗಳೂ ಸಂವಿಧಾನದ 12ನೇ ವಿಧಿಯ ಅರ್ಥದಲ್ಲಿ 'ರಾಜ್ಯ'ವೇ ಆಗಿರುವುದರಿಂದ 14 ಮತ್ತು 15ನೇ ವಿಧಿಗಳು ಅವನ್ನೂ ಕಟ್ಟಿಹಾಕುತ್ತವೆ. ಯಾವ ಕಾರಣಕ್ಕೆ ಸರ್ಕಾರದ ನಿಯಮದಲ್ಲಿದ್ದ 'ಅವಿವಾಹಿತ' ಎಂಬ ಪದವನ್ನು ಹೈಕೋರ್ಟ್ ತೆಗೆದುಹಾಕಿತೋ, ಅದೇ ಕಾರಣ ನಿಗಮದ ನಿಬಂಧನೆಯಲ್ಲಿರುವ ಅದೇ ಪದಕ್ಕೂ ಅನ್ವಯಿಸುತ್ತದೆಯೆಂದು ವಾದಿಸಬಹುದು. ವ್ಯತ್ಯಾಸವಿಷ್ಟೇ: ಇಲಾಖೆಯ ಅರ್ಜಿದಾರರು ತಿದ್ದುಪಡಿಯಾದ ನಿಯಮವನ್ನು ತೋರಿಸಿ ಕೇಳಬಹುದು, ನಿಗಮದವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬರಬಹುದು.

ಉತ್ತರ 5: ಜಗಳೂರು ತಾಲ್ಲೂಕಿನ ನೌಕರಳು

ನಾನು ಕಾನೂನು ಓದಿದವಳಲ್ಲ. ಆದರೆ ನಾನೂ ಮದುವೆಯಾದ ಮೇಲೆ ತಂದೆಯ ಸಾವಿನಿಂದಾಗಿ ಅನುಕಂಪದ ಆಧಾರದಲ್ಲಿ ಕೆಲಸಕ್ಕೆ ಸೇರಿದವಳು, ದ್ವಿತೀಯ ದರ್ಜೆ ಸಹಾಯಕಿಯಾಗಿದ್ದೇನೆ. ಆ ಅಕ್ಕ ಕಚೇರಿಗೆ ಮೂರನೆಯ ಸಲ ಬಂದರು ಎಂದು ಓದಿದಾಗ ನನ್ನದೇ ದಿನಗಳು ಕಣ್ಣ ಮುಂದೆ ಬಂದವು.

ನನ್ನ ವಿಷಯದಲ್ಲಿ ಅಡ್ಡಿಯಾದದ್ದು ಕಚೇರಿಗಿಂತ ಹೆಚ್ಚಾಗಿ ಕಾಗದಗಳು. ಮದುವೆಯಾದಾಗ ಅತ್ತೆ ಮನೆಯವರು ನನ್ನ ಹೆಸರನ್ನು ಅಪ್ಪನ ಪಡಿತರ ಚೀಟಿಯಿಂದ ತೆಗೆಸಿ ತಮ್ಮ ಚೀಟಿಗೆ ಸೇರಿಸಿದ್ದರು. ಎರಡು ವರ್ಷದಲ್ಲೇ ನಾವು ಅಪ್ಪನ ಮನೆಗೆ ಬಂದು ನೆಲೆಸಿದರೂ ಅದನ್ನು ಬದಲಾಯಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಪ್ಪ ಹೋದ ಮೇಲೆ "ನೀವು ಅಲ್ಲಿ ಇದ್ದದ್ದಕ್ಕೆ ಆಧಾರ ಏನು?" ಎಂದು ಕೇಳಿದಾಗ ಒಂದು ಕ್ಷಣ ಏನು ಹೇಳಬೇಕೆಂದೇ ತೋಚಲಿಲ್ಲ. ಕೊನೆಗೆ ಆಧಾರವಾಗಿ ನಿಂತದ್ದು ನನ್ನ ಮಗನ ಅಂಗನವಾಡಿಯ ದಾಖಲಾತಿ, ಅಪ್ಪನ ಮನೆಯ ವಿಳಾಸಕ್ಕೇ ತಲುಪುತ್ತಿದ್ದ ಗ್ಯಾಸ್ ಸಿಲಿಂಡರಿನ ಪುಸ್ತಕ, ಮತ್ತು ಸ್ಥಳಕ್ಕೆ ಬಂದು ಅಕ್ಕಪಕ್ಕದವರನ್ನು ವಿಚಾರಿಸಿ ಗ್ರಾಮ ಆಡಳಿತಾಧಿಕಾರಿಗಳು ಬರೆದ ವರದಿ. ಅವರು ನಮ್ಮ ಅಡುಗೆ ಮನೆಯವರೆಗೂ ಬಂದು ಒಂದೇ ಒಲೆ ಇದೆಯೇ ಎಂದು ನೋಡಿದರು. ಆಗ ಮನಸ್ಸಿಗೆ ಸಂಕಟವಾಯಿತು. ಈಗ ಯೋಚಿಸಿದರೆ, ಒಂದೇ ಒಲೆಯಲ್ಲಿ ಬೇಯುವ ಅನ್ನಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೇನಿತ್ತು ಎನಿಸುತ್ತದೆ.

ವಿಷಯ ನಿರ್ವಾಹಕರಲ್ಲಿ ನನ್ನದೊಂದು ಕೋರಿಕೆ. ಬೇಕಾದ ದಾಖಲೆಗಳ ಪಟ್ಟಿಯನ್ನು ಒಂದೇ ಸಲ, ಕಾಗದದ ಮೇಲೆ, ಸಹಿ ಮಾಡಿ ಕೊಡಿ. ನನಗೆ ಒಂದೊಂದು ಸಲ ಒಂದೊಂದು ದಾಖಲೆ ಹೇಳುತ್ತಿದ್ದರು. ಜಗಳೂರಿನಿಂದ ದಾವಣಗೆರೆಗೆ ಒಂದು ಸಲ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು ಎಂದೇ ಅರ್ಥ, ಜೊತೆಗೆ ಕಾಯಿಲೆಯ ತಾಯಿಯನ್ನು ಯಾರ ಬಳಿಯಾದರೂ ಬಿಟ್ಟು ಬರಬೇಕು. ಅಮ್ಮನಿಗೆ ಕೌಟುಂಬಿಕ ಪಿಂಚಣಿಯ ಕಾಗದಪತ್ರಗಳು ಆಗಿವೆಯೇ ಎಂಬುದನ್ನೂ ದಯವಿಟ್ಟು ವಿಚಾರಿಸಿ. ನೌಕರಿಯ ಅರ್ಜಿಯ ಓಡಾಟದಲ್ಲಿ ನಮ್ಮ ಮನೆಯಲ್ಲಿ ಅದನ್ನೇ ಮರೆತು ತಿಂಗಳುಗಟ್ಟಲೆ ತಡವಾಯಿತು.

ಉತ್ತರ 6: ನಿವೃತ್ತ ಅಧೀಕ್ಷಕ, ಚಿತ್ರದುರ್ಗ

ತಂಗಿ ಹೇಳಿದ ಪಿಂಚಣಿಯ ಮಾತು ನನಗೆ ಹೊಳೆದಿರಲಿಲ್ಲ, ಬಹಳ ಒಳ್ಳೆಯದಾಯಿತು. ಮೃತರ ಸೇವಾ ಪುಸ್ತಕದಲ್ಲಿ ನಾಮನಿರ್ದೇಶನದ ಪುಟ ಮತ್ತು ಕುಟುಂಬದ ವಿವರಗಳ ಪುಟ ಎರಡನ್ನೂ ತೆಗೆದು ನೋಡಿ. ಮಗಳ ಮದುವೆಗೆ ಮುಂಚೆ ಬರೆದ ವಿವರವನ್ನು ಆಮೇಲೆ ಯಾರೂ ತಿದ್ದದೆ ಇರುವುದು ಸಾಮಾನ್ಯ. ಅದರಿಂದ ಅವಲಂಬನೆಯ ಬಗ್ಗೆ ಅವಸರದ ತೀರ್ಮಾನಕ್ಕೆ ಬರಬೇಡಿ, ಈಗಿನ ದಾಖಲೆಗಳನ್ನೇ ಮುಖ್ಯವಾಗಿಟ್ಟು ಟಿಪ್ಪಣಿ ಬರೆಯಿರಿ.

ಉತ್ತರ 7: ವಿಷಯ ನಿರ್ವಾಹಕ, ದಾವಣಗೆರೆ

ಉತ್ತರಿಸಿದ ಎಲ್ಲರಿಗೂ ಕೃತಜ್ಞನಾಗಿದ್ದೇನೆ. ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಮೊದಲ ಉತ್ತರ ಓದಿದ ಮರುದಿನ ಬೆಳಿಗ್ಗೆಯೇ ಆ ಹೆಣ್ಣುಮಗಳನ್ನು ಕರೆಸಿ ಅರ್ಜಿ ಪಡೆದು, ಆವಕ ಸಂಖ್ಯೆ ಬರೆದ ಸ್ವೀಕೃತಿಯನ್ನು ಕೊಟ್ಟೆ. ತಿದ್ದುಪಡಿ ಅಧಿಸೂಚನೆಯನ್ನು ಇಳಿಸಿಕೊಂಡು ಮೂಲ ನಿಯಮದೊಂದಿಗೆ ಹೋಲಿಸಿ ನೋಡಿದ್ದೇನೆ. ಹಿಂದಿನ ಕರಡನ್ನು ಕೈಬಿಟ್ಟು ಹೊಸ ಟಿಪ್ಪಣಿಯಲ್ಲಿ ಹೀಗೆ ಬರೆದಿದ್ದೇನೆ: "ಅರ್ಜಿದಾರರು ವಿವಾಹಿತರೆಂಬ ಕಾರಣವೊಂದರಿಂದಲೇ ಅರ್ಜಿಯನ್ನು ತಿರಸ್ಕರಿಸಲು 2021ರ ತಿದ್ದುಪಡಿಯ ನಂತರ ಅವಕಾಶವಿರುವುದಿಲ್ಲ. ಅರ್ಜಿದಾರರು ಮೃತ ನೌಕರರ ಅವಲಂಬಿತರಾಗಿದ್ದು ಅವರೊಂದಿಗೆ ವಾಸವಾಗಿದ್ದರೇ ಎಂಬುದರ ಬಗ್ಗೆ ಸ್ಥಳ ಪರಿಶೀಲನಾ ವರದಿ ಪಡೆದು, ಪ್ರಸ್ತಾವನೆಯನ್ನು ನೇಮಕಾತಿ ಪ್ರಾಧಿಕಾರಕ್ಕೆ ಸಲ್ಲಿಸಬಹುದಾಗಿದೆ." ನಮ್ಮ ಅಧೀಕ್ಷಕರು ಮೊದಲು ಒಪ್ಪಲಿಲ್ಲ. ಅಧಿಸೂಚನೆಯನ್ನು ಮುಂದಿಟ್ಟಾಗ ಎರಡು ಸಲ ಓದಿ, ಏನೂ ಹೇಳದೆ ಸಹಿ ಮಾಡಿ ಮೇಲಕ್ಕೆ ಕಳಿಸಿದರು.

ದಾಖಲೆಗಳ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರೆದು ಕೊಟ್ಟಿದ್ದೇನೆ. ಪಡಿತರ ಚೀಟಿಯಲ್ಲಿ ಅವರ ಹೆಸರು ತಂದೆಯ ಮನೆಯಲ್ಲೇ ಇದೆ. ಅಣ್ಣನ ಒಪ್ಪಿಗೆ ಪತ್ರ ಬೆಂಗಳೂರಿನಿಂದ ಬರಬೇಕಿದೆ, ಮುಂದಿನ ಭಾನುವಾರ ಊರಿಗೆ ಬಂದು ಸಹಿ ಮಾಡಿಕೊಡುತ್ತೇನೆ ಎಂದಿದ್ದಾರಂತೆ. ಕೌಟುಂಬಿಕ ಪಿಂಚಣಿಯ ಕಡತ ನಮ್ಮದೇ ಕಚೇರಿಯ ಇನ್ನೊಂದು ಮೇಜಿನಲ್ಲಿ ನಿಂತಿರುವುದು ಈಗ ಗೊತ್ತಾಯಿತು. ಅದರಲ್ಲಿ ತಾಯಿಯ ಬ್ಯಾಂಕ್ ಖಾತೆಯ ಹೆಸರಿನಲ್ಲಿ ಒಂದು ಅಕ್ಷರ ವ್ಯತ್ಯಾಸವಿತ್ತು. ನಾಳೆ ಡಯಾಲಿಸಿಸ್ ಇಲ್ಲದ ದಿನವಾದ್ದರಿಂದ ಬ್ಯಾಂಕಿಗೆ ಹೋಗಿ ಸರಿಪಡಿಸಿಕೊಂಡು ಬರುವುದಾಗಿ ಮಗಳು ಹೇಳಿದ್ದಾರೆ.